ಹುಳುವಿನ ಮುಖ ಕಾಣಿಸಿದವರು: ಮ್ಯಾಕ್ರೋ ಛಾಯಾಗ್ರಹಣ ಬೆಳೆದ ದಾರಿ

ಇರುವೆಯ ಚಿತ್ರ ಬರೆಯಲು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಪಟ್ಟ ಪಾಡನ್ನು ಆತನೇ ‘ಮೈಕ್ರೋಗ್ರಾಫಿಯಾ’ದಲ್ಲಿ ಬರೆದಿಟ್ಟಿದ್ದಾನೆ. 1665ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪುಸ್ತಕ ಅದು. ಸೂಕ್ಷ್ಮದರ್ಶಕದ ಕೆಳಗೆ ಬಿಟ್ಟ ಇರುವೆ ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ. ಕಾಲಿಗೆ ಮೇಣ ಮೆತ್ತಿ ಹಿಡಿದಿಟ್ಟರೆ ಮೈ ಹೊರಳಿಸಿ, ತಿರುಚಿ, ಆಕಾರವೇ ತಿಳಿಯದಂತೆ ಮಾಡುತ್ತಿತ್ತು. ಕೊಂದರೆ ಆ ಪುಟ್ಟ ಮೈಯ ರೂಪ ಕೆಟ್ಟುಹೋಗುತ್ತಿತ್ತು. ಕೊನೆಗೆ ಹುಕ್ ಅದಕ್ಕೆ ಬ್ರಾಂದಿ ಕುಡಿಸಿದ. ಅಮಲೇರಿ ಒಂದು ಗಂಟೆಗೂ ಹೆಚ್ಚು ಹೊತ್ತು ಬಿದ್ದಿದ್ದ ಇರುವೆ ಆಮೇಲೆ ದಿಢೀರನೆ ಎದ್ದು ಓಡಿತು.

ಕ್ಯಾಮೆರಾ ಹುಟ್ಟಲು ಇನ್ನೂ ಒಂದೂಮುಕ್ಕಾಲು ಶತಮಾನ ಬಾಕಿಯಿತ್ತು. ಆದರೂ ಕೀಟಗಳನ್ನು ಹತ್ತಿರದಿಂದ ಚಿತ್ರಿಸುವವರ ಮೂಲ ತೊಡಕು ಅಷ್ಟು ಹೊತ್ತಿಗೇ ಪೂರ್ತಿಯಾಗಿ ಎದುರಾಗಿತ್ತು. ಹುಳು ಅಲುಗದಿದ್ದರೆ ವಿವರ ಸಿಗುತ್ತದೆ; ಅಲುಗದ ಹುಳುವಿನಲ್ಲಿ ಅದರ ಬದುಕು ಸಿಗುವುದಿಲ್ಲ. ಮ್ಯಾಕ್ರೋ ಛಾಯಾಗ್ರಹಣದ ಕತೆಯನ್ನು ಲೆನ್ಸುಗಳ ಕತೆಯಾಗಿ ಹೇಳುವುದು ರೂಢಿ. ನನಗೆ ಮಾತ್ರ ಅದು ಈ ಎರಡರ ನಡುವಿನ ಎಳೆದಾಟವಾಗಿಯೇ ಕಾಣುತ್ತದೆ. ಹೊಸ ಸಾಧನ ಬಂದಾಗಲೆಲ್ಲ ಹಗ್ಗ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಜಗ್ಗಿದೆ.

ಛಾಯಾಗ್ರಹಣದ ಜನಕರಲ್ಲಿ ಒಬ್ಬನಾದ ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1840ರ ಸುಮಾರಿಗೇ ಕೀಟಗಳ ರೆಕ್ಕೆಯ ಚಿತ್ರ ತೆಗೆದ. ಬಿಸಿಲನ್ನೇ ದೀಪವಾಗಿಸಿಕೊಂಡು ಬಿಂಬವನ್ನು ದೊಡ್ಡದಾಗಿ ಮೂಡಿಸುವ ಸೌರ ಸೂಕ್ಷ್ಮದರ್ಶಕ ಆತನ ಸಾಧನ. ರೆಕ್ಕೆಯನ್ನೇ ಆರಿಸಿಕೊಂಡದ್ದು ಸಹಜವಾಗಿತ್ತು: ಅದು ಚಪ್ಪಟೆ, ಬೆಳಕು ಅದರೊಳಗೆ ಹಾದುಹೋಗುತ್ತದೆ, ಎಷ್ಟು ಹೊತ್ತು ಬೇಕಾದರೂ ಬಿಸಿಲಿನಲ್ಲಿ ಬಿದ್ದಿರುತ್ತದೆ. ಅಂದಿನ ಕಾಗದಕ್ಕೆ ಬೇಕಾಗಿದ್ದೂ ಅಂಥ ವಸ್ತುವೇ. ಬೆಳಕನ್ನು ಬೇಗ ಹಿಡಿಯುವ ಫಲಕ ಬೇಕೆಂಬ ಹಂಬಲಕ್ಕೆ ದಾರಿ ತೆರೆದದ್ದು 1871ರಲ್ಲಿ, ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ವೈದ್ಯರಿಂದ. ಸೂಕ್ಷ್ಮದರ್ಶಕದ ಮೂಲಕ ಚಿತ್ರ ತೆಗೆಯುವುದು ಅವರ ಮೆಚ್ಚಿನ ಕೆಲಸ. ಹಸಿ ಫಲಕಕ್ಕೆ ಬಳಸುತ್ತಿದ್ದ ಕೊಲೋಡಿಯನ್ನಿನ ಈಥರ್ ಹಬೆ ಅವರ ಆರೋಗ್ಯವನ್ನು ಕೆಡಿಸಿತ್ತು. ಅದರ ಬದಲಿಗೆ ಜೆಲಟಿನ್ ಬಳಸಿ ನೋಡಿದರು. ಅಲ್ಲಿಂದ ಬೆಳೆದ ಒಣ ಫಲಕವೇ ಮುಂದೆ ಇಡೀ ಛಾಯಾಗ್ರಹಣವನ್ನು ಬದಲಿಸಿತು. ಜಗತ್ತಿನ ಎಲ್ಲ ಕ್ಯಾಮೆರಾಗಳಿಗೆ ಒದಗಿದ ಬದಲಾವಣೆಯೊಂದು ಹೀಗೆ ಕಿರಿದರ ಚಿತ್ರ ತೆಗೆಯುವವರ ಮನೆಯಿಂದಲೇ ಹೊರಟಿತು.

ಆ ಶತಮಾನದ ಒಂದು ಚಿತ್ರವನ್ನು ಮಾತ್ರ ನಿಂತು ನೋಡಬೇಕು. ವಿಯೆನ್ನಾದ ಶರೀರವಿಜ್ಞಾನಿ ಸಿಗ್ಮಂಡ್ ಎಕ್ಸ್‌ನರ್ 1891ರಲ್ಲಿ ಕೀಟಗಳ ಮತ್ತು ಏಡಿ ಸೀಗಡಿಗಳ ಸಂಯುಕ್ತ ಕಣ್ಣುಗಳ ಬಗ್ಗೆ ಒಂದು ಗ್ರಂಥ ಬರೆದರು. ಅದಕ್ಕಾಗಿ ಮಿಂಚುಹುಳದ ಕಣ್ಣನ್ನು ಬಿಡಿಸಿ, ಶುಚಿಗೊಳಿಸಿ, ಅದನ್ನೇ ಲೆನ್ಸಾಗಿ ಬಳಸಿ ಒಂದು ಚಿತ್ರ ತೆಗೆದರು. ಮಸುಕಾದ ಆ ಚಿತ್ರದಲ್ಲಿ ಒಂದು ಕಿಟಕಿಯಿದೆ. ಗಾಜಿಗೆ ಅಂಟಿಸಿದ ರೋಮನ್ ಲಿಪಿಯ ‘ಆರ್’ ಅಕ್ಷರ ಕಾಣುತ್ತದೆ, ಕಿಟಕಿಯಾಚೆಗೆ ಒಂದು ಇಗರ್ಜಿ. ನೂರಾರು ಪುಟ್ಟ ಮಸೂರಗಳಿರುವ ಕಣ್ಣು ನೂರಾರು ಬಿಡಿ ಬಿಂಬಗಳನ್ನು ಕಾಣುತ್ತದೆಂಬ ನಂಬಿಕೆ ಸಾಮಾನ್ಯವಾಗಿದ್ದ ಕಾಲದಲ್ಲಿ, ಮಿಂಚುಹುಳದ ಕಣ್ಣು ಅವನ್ನೆಲ್ಲ ಒಂದರ ಮೇಲೊಂದು ಸೇರಿಸಿ ಒಂದೇ ನೇರ ಬಿಂಬ ಮೂಡಿಸುತ್ತದೆಂದು ಅದು ತೋರಿಸಿತು. ಹುಳುವನ್ನು ನೋಡುವುದರಿಂದ ಹುಳುವಿನ ಮೂಲಕ ನೋಡುವವರೆಗೆ ಛಾಯಾಗ್ರಹಣ ಐವತ್ತೇ ವರ್ಷಗಳಲ್ಲಿ ತಲುಪಿತ್ತು. ಇಂದಿನ ಯಾವ ಝಗಮಗಿಸುವ ಕೀಟಚಿತ್ರಕ್ಕಿಂತಲೂ ಆ ಮಸುಕು ಚಿತ್ರವೇ ನನಗೆ ದೊಡ್ಡದು.

ಕೀಟಗಳ ಗೋಜಿಗೆ ಹೋಗದೆ, ಅಲುಗದ ಪ್ರಕೃತಿಯ ಮೇಲ್ಮೈಗಳನ್ನೇ ಹಿಡಿದು ಕೂತವರು ಬೇರೊಂದು ದಾರಿಯಲ್ಲಿ ಸಾಗಿದರು. ಅಮೆರಿಕದ ವರ್ಮಾಂಟ್ ರಾಜ್ಯದ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮದ ಹರಳಿನ ಚಿತ್ರ ತೆಗೆದರು. ಬದುಕಿನುದ್ದಕ್ಕೂ ತೆಗೆದದ್ದು 5000ಕ್ಕೂ ಹೆಚ್ಚು. ಬರ್ಲಿನ್ನಿನಲ್ಲಿ ಕಲಾವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ಕಾರ್ಲ್ ಬ್ಲಾಸ್‌ಫೆಲ್ಟ್ ತಾವೇ ಮಾಡಿಕೊಂಡ ಕ್ಯಾಮೆರಾದಿಂದ ಜರೀಗಿಡದ ಸುರುಳಿ, ಮೊಗ್ಗು, ಬೀಜಕೋಶಗಳನ್ನು 30 ಪಟ್ಟಿನವರೆಗೂ ಹಿಗ್ಗಿಸಿ ತೋರಿಸಿದರು. ಅವರ ಉದ್ದೇಶ ಪಾಠದ್ದು: ಕಬ್ಬಿಣದ ಕುಸುರಿ, ಕಟ್ಟಡದ ಅಲಂಕಾರ ಕಲಿಯುವವರಿಗೆ ಗಿಡಗಳಿಂದಲೇ ಮಾದರಿ ಕೊಡುವುದು. 1928ರಲ್ಲಿ ಅವು ಪುಸ್ತಕವಾಗಿ ಬಂದಾಗ ಶಾಲೆಯ ಪಾಠೋಪಕರಣ ಕಲಾಕೃತಿಯೆನಿಸಿಕೊಂಡಿತು. ತೊಗಟೆ, ಎಲೆನರ, ಕಲ್ಲುಹೂ, ಮರಳುಕಣಗಳ ಹತ್ತಿರದ ಚಿತ್ರ ತೆಗೆಯುವವರು ಇಂದಿಗೂ ನಡೆಯುತ್ತಿರುವುದು ಬ್ಲಾಸ್‌ಫೆಲ್ಟ್ ತುಳಿದ ಹಾದಿಯಲ್ಲೇ: ಹಿನ್ನೆಲೆ ಸಪಾಟು, ಬೆಳಕು ಮೃದು, ಆಕಾರವೇ ಎಲ್ಲ.

ಕೀಟಗಳ ಕಡೆ ಅಷ್ಟು ನಿರಾಳವಿರಲಿಲ್ಲ. ಇಂಗ್ಲೆಂಡಿನ ಪರ್ಸಿ ಸ್ಮಿತ್ 1908ರಲ್ಲಿ ನೊಣವೊಂದು ಮಲಗಿದಲ್ಲೇ ಕಾಲುಗಳಿಂದ ಚೆಂಡು, ಕಡ್ಡಿಗಳನ್ನು ತಿರುಗಿಸುವ ಚಲನಚಿತ್ರ ಮಾಡಿದಾಗ ನೋಡಿದವರು ಬೆರಗಾದರು. ಅಮೆರಿಕದ ಸಸ್ಯಶೋಧಕ ಡೇವಿಡ್ ಫೇರ್‌ಚೈಲ್ಡ್ ಮತ್ತು ಅವರ ಪತ್ನಿ ಮೇರಿಯನ್ 1914ರಲ್ಲಿ ‘ಬುಕ್ ಆಫ್ ಮಾನ್‌ಸ್ಟರ್ಸ್’ ತಂದರು. ಪ್ರಕಾಶಕರು ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿ. ದಂಪತಿಯ ಕ್ಯಾಮೆರಾ ಹಲವು ಅಡಿ ಉದ್ದದ ಕೊಳವೆ. ಅದರ ಮುಂದೆ ಸತ್ತ ಹುಳುವನ್ನು ಬದುಕಿದ್ದ ಹಾಗೆ ಕಾಲು ಮೀಸೆ ಸರಿಪಡಿಸಿ ನಿಲ್ಲಿಸಿ, ಎದುರಿನಿಂದ ಮುಖವನ್ನೇ ನೇರ ತೆಗೆದರು. ಮಿಡತೆಯ ಮುಖ ಅಷ್ಟು ದೊಡ್ಡದಾಗಿ ಕಂಡದ್ದು ಸಾಮಾನ್ಯ ಓದುಗರಿಗೆ ಹೊಸದು. ಆದರೆ ಪುಸ್ತಕದ ಹೆಸರೇ ಹೇಳುವಂತೆ ಹುಳುಗಳು ಅಲ್ಲಿ ರಾಕ್ಷಸರು. ಹತ್ತಿರದಿಂದ ಕಂಡದ್ದು ಭಯಾನಕವೆನ್ನುವ ಈ ಧಾಟಿ ಇನ್ನೂ ಪೂರ್ತಿ ಹೋಗಿಲ್ಲ, ಹೋಗಬೇಕಿತ್ತು.

ಭೌತಶಾಸ್ತ್ರ ಒಡ್ಡುವ ಅಡ್ಡಿಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಮುಂದಿನದೆಲ್ಲ ಅದರ ಸುತ್ತಲೇ ಸುತ್ತುತ್ತದೆ. 1 ಸೆಂಟಿಮೀಟರ್ ಉದ್ದದ ಹುಳು ಫಿಲ್ಮ್ ಅಥವಾ ಸೆನ್ಸರ್ ಮೇಲೂ 1 ಸೆಂಟಿಮೀಟರ್ ಬಿದ್ದರೆ ಅದು ಒಂದಕ್ಕೊಂದು ಅಳತೆ. ಮ್ಯಾಕ್ರೋ ಎಂದು ಗಟ್ಟಿಯಾಗಿ ಹೇಳಬಹುದಾದದ್ದು ಅಲ್ಲಿಂದ. ಅಷ್ಟು ಹತ್ತಿರಕ್ಕೆ ಹೋಗಲು ಲೆನ್ಸನ್ನು ಫಿಲ್ಮಿನಿಂದ ದೂರ ಸರಿಸಬೇಕು. ಸರಿಸಿದಷ್ಟೂ ಬೆಳಕು ಸೊರಗುತ್ತದೆ. ಒಂದಕ್ಕೊಂದರಲ್ಲಿ ಕಾಲು ಪಾಲು ಬೆಳಕು ಮಾತ್ರ ತಲುಪಿದರೆ, ಐದು ಪಟ್ಟು ಹಿಗ್ಗಿಸಿದಾಗ ಮೂವತ್ತಾರರಲ್ಲಿ ಒಂದು ಪಾಲು. ಜೊತೆಗೆ ಫೋಕಸ್ ಆಗುವ ಪದರ ತೆಳುವಾಗುತ್ತದೆ: ಎಫ್/8 ತೆರಪಿನಲ್ಲಿ ಒಂದಕ್ಕೊಂದು ತೆಗೆದರೆ ಹೆಚ್ಚುಕಡಿಮೆ 1 ಮಿಲಿಮೀಟರ್, ಎಫ್/2.8ರಲ್ಲಿ ಐದು ಪಟ್ಟು ಹಿಗ್ಗಿಸಿದರೆ 0.05 ಮಿಲಿಮೀಟರಿಗೂ ಕಡಿಮೆ. ನೊಣದ ಕಣ್ಣು ಚೂಪಾಗಿ ಬಂದರೆ ಮೂತಿ ಮಸುಕು. ತೆರಪನ್ನು ಕಿರಿದು ಮಾಡಿ ಆಳ ಹೆಚ್ಚಿಸಲು ಹೋದರೆ ಬೆಳಕು ಆ ಕಿಂಡಿಯ ಅಂಚಿನಲ್ಲಿ ಹರಡಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಬೆಳಕು ಸಾಲದೆಂದು ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಎಲೆ ಅಲ್ಲಾಡುತ್ತದೆ. ಒಂದನ್ನು ಗೆಲ್ಲಲು ಹೋದರೆ ಇನ್ನೊಂದು ಕೈಬಿಡುತ್ತದೆ.

ಈ ಕಗ್ಗಂಟನ್ನು ಸಡಿಲಿಸಿದ ಸಾಧನಗಳಲ್ಲಿ ಹಲವು ಹುಳುಗಳಿಗಾಗಿ ಹುಟ್ಟಿದವೇ ಅಲ್ಲ. ಲೆನ್ಸನ್ನು ಮುಂದೆ ಸರಿಸುವ ಬೆಲ್ಲೋಸ್, ರಿಂಗುಗಳ ಸಹಾಯವಿಲ್ಲದೆ ತಾನೇ ಅಷ್ಟು ಹತ್ತಿರಕ್ಕೆ ಫೋಕಸ್ ಆಗುವ ಲೆನ್ಸನ್ನು 35 ಮಿಲಿಮೀಟರ್ ಎಸ್‌ಎಲ್‌ಆರ್ ಕ್ಯಾಮೆರಾಕ್ಕೆ 1955ರಲ್ಲಿ ಕಿಲ್‌ಫಿಟ್ ಕಂಪನಿ ತಂದಿತು. ಮರುವರ್ಷ ಜಪಾನಿನಲ್ಲಿ ಮೈಕ್ರೋ-ನಿಕ್ಕೋರ್ ಬಂತು. ಅದರ ಹಿಂದಿನ ಒತ್ತಾಸೆ ಪುಸ್ತಕ, ಪತ್ರಿಕೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸುವುದು. ರೋಮನ್ ಅಕ್ಷರಗಳಿಗೆ ಸಾಕಾಗುತ್ತಿದ್ದ ಲೆನ್ಸುಗಳು ಹತ್ತಾರು ಗೀಟುಗಳ ಕಾಂಜಿ ಅಕ್ಷರಗಳನ್ನು ಕಲಸಿಬಿಡುತ್ತಿದ್ದವು. ಅದಕ್ಕಾಗಿ ರೂಪುಗೊಂಡ ಚೂಪು ಮುಂದೆ ಚಿಟ್ಟೆಯ ರೆಕ್ಕೆಯ ಹುರುಪೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿತು. ಫ್ಲಾಶಿನದೂ ಹಾಗೇ. ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಜರ್ಟನ್ 1930ರ ದಶಕದಲ್ಲಿ ತಿರುಗುವ ಯಂತ್ರಗಳನ್ನು ನಿಂತಂತೆ ನೋಡಲು ಬೆಳೆಸಿದ ಮಿಂಚುದೀಪವೇ ಇಂದಿನ ಎಲೆಕ್ಟ್ರಾನಿಕ್ ಫ್ಲಾಶಿನ ಮೂಲ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಚುರುಕಾದ ಬೆಳಕು ಕೈಗೆ ಬಂದ ಮೇಲೆ ಹುಳುವನ್ನು ಕೊಲ್ಲಬೇಕಾದ ಅಗತ್ಯವೇ ಕಳಚಿತು. ಇಡೀ ಇತಿಹಾಸದಲ್ಲಿ ಅತಿ ದೊಡ್ಡ ತಿರುವು ಇದೇ ಎಂಬುದು ನನ್ನ ಎಣಿಕೆ.

ತಿರುವನ್ನು ಮೊದಲೇ ಗುರುತಿಸಿದವರಲ್ಲಿ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನ ಕೀಟವಿಜ್ಞಾನಿ ಎಡ್ವರ್ಡ್ ರಾಸ್ ಒಬ್ಬರು. ಬದುಕಿರುವ ಹುಳುವನ್ನು ಅದರ ಜಾಗದಲ್ಲೇ ತೆಗೆಯಬೇಕೆಂಬುದು ಅವರ ಹಟ; 1953ರ ‘ಇನ್‌ಸೆಕ್ಟ್ಸ್ ಕ್ಲೋಸ್ ಅಪ್’ ಆ ಹಟದ ಫಲ. ಹಾರುವ ಹುಳುವನ್ನು ಹಿಡಿದವರು ಇಂಗ್ಲೆಂಡಿನ ಸ್ಟೀಫನ್ ಡಾಲ್ಟನ್. ಬೆಳಕಿನ ಕಿರಣವನ್ನು ಹುಳು ತುಂಡರಿಸಿದಾಗ ಕ್ಯಾಮೆರಾ ತಾನೇ ಕ್ಲಿಕ್ಕಿಸುವ ಏರ್ಪಾಡು ಸಾಲಲಿಲ್ಲ, ಏಕೆಂದರೆ ಸಾಮಾನ್ಯ ಶಟರ್ ತೆರೆಯುವಷ್ಟರಲ್ಲಿ ಹುಳು ಚೌಕಟ್ಟಿನಿಂದ ಹೊರಗೆ. ಹಾಗಾಗಿ ಚುರುಕು ಶಟರ್ ಬೇರೆ, ಸೆಕೆಂಡಿನ 25,000ದಲ್ಲಿ ಒಂದು ಪಾಲಿನಷ್ಟು ಹೊತ್ತು ಬೆಳಗುವ ಫ್ಲಾಶ್ ಬೇರೆ ಮಾಡಿಸಿಕೊಂಡರು. 1975ರ ‘ಬೋರ್ನ್ ಆನ್ ದ ವಿಂಡ್’ ಪುಸ್ತಕದಲ್ಲಿ ಹಾರುತ್ತಿರುವ ಹುಳುಗಳ ರೆಕ್ಕೆ ಹೇಗೆ ಬಾಗುತ್ತದೆ, ಹೇಗೆ ತಿರುಚುತ್ತದೆ ಎಂಬುದು ಬಣ್ಣದಲ್ಲಿ ಅಚ್ಚಾಯಿತು. ಅದೇ ವರ್ಷ ಒಲಿಂಪಸ್ ಓಎಂ-2 ಕ್ಯಾಮೆರಾ ಫಿಲ್ಮಿನ ಮೇಲೆ ಬಿದ್ದ ಬೆಳಕನ್ನೇ ಅಳೆದು ಫ್ಲಾಶನ್ನು ನಿಲ್ಲಿಸುವ ವ್ಯವಸ್ಥೆಯೊಂದಿಗೆ ಬಂತು. ಲೆನ್ಸ್ ಎಷ್ಟು ಮುಂದೆ ಸರಿದಿದೆ, ಬೆಳಕು ಎಷ್ಟು ಸೊರಗಿದೆ ಎಂದು ಚೀಟಿಯಲ್ಲಿ ಲೆಕ್ಕ ಹಾಕುತ್ತಿದ್ದವರಿಗೆ ಅದು ದೊಡ್ಡ ಬಿಡುಗಡೆ.

ನಮ್ಮ ನೆಲಕ್ಕೂ ಈ ಕತೆಗೂ ಒಂದು ಗಟ್ಟಿ ಗಂಟಿದೆ. ಹಾರ್ವರ್ಡಿನಲ್ಲಿ ಇರುವೆ ತಜ್ಞ ಇ. ಓ. ವಿಲ್ಸನ್ನರ ಶಿಷ್ಯರಾಗಿದ್ದ ಮಾರ್ಕ್ ಮೊಫೆಟ್ 1980ರ ದಶಕದ ಆರಂಭದಲ್ಲಿ ಇರುವೆಗಳ ಬೆನ್ನು ಹತ್ತಿ ಸುಳ್ಯಕ್ಕೆ ಬಂದರು. ದಂಡು ಕಟ್ಟಿ ಬೇಟೆಯಾಡುವ ಒಂದು ಜಾತಿಯ ಇರುವೆ ಅವರ ವಿಷಯ. ಒಂದೇ ಗೂಡಿನ ಅಕ್ಕತಂಗಿಯರಲ್ಲೇ ಅತಿ ದೊಡ್ಡದರ ತೂಕ ಅತಿ ಚಿಕ್ಕದರ 500 ಪಟ್ಟು; ದೊಡ್ಡದರ ತಲೆಯ ಮೇಲೆ ಚಿಕ್ಕವು ಸವಾರಿ ಮಾಡುತ್ತವೆ. ಇದನ್ನು ಮಾತಿನಲ್ಲಿ ಹೇಳಿದರೆ ನಂಬುವುದು ಕಷ್ಟ, ಚಿತ್ರದಲ್ಲಿ ನೋಡಿದರೆ ಮರೆಯುವುದು ಕಷ್ಟ. ಮೊಫೆಟ್ ಕ್ಯಾಮೆರಾ ಹಿಡಿಯುವುದನ್ನು ತಾವೇ ಕಲಿತರು. ಆ ಇರುವೆಗಳ ಲೇಖನ 1986ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಬಂತು.

ಬೆಂಗಳೂರಿನಲ್ಲಿ ಆಗ ವನ್ಯಜೀವಿ ಛಾಯಾಗ್ರಹಣದ ದೊಡ್ಡ ಪರಂಪರೆಯೇ ಇತ್ತು. ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಅವರಂಥವರು ಒಂದು ಪೀಳಿಗೆಯನ್ನೇ ಕಾಡಿನ ಕಡೆ ತಿರುಗಿಸಿದರು. ಆದರೆ ಆನೆ, ಹುಲಿ, ಹಕ್ಕಿಗಳಿಗೆ ಸಿಕ್ಕ ಗಮನ ಹುಳುಗಳಿಗೆ ಸಿಗಲಿಲ್ಲ, ಅದಕ್ಕೆ ದುಡ್ಡೂ ಒಂದು ಕಾರಣ. ಒಂದು ರೋಲಿಗೆ 36 ಚಿತ್ರ, ಹುಳು ಫೋಕಸ್‌ನಲ್ಲಿ ಸಿಕ್ಕಿತೋ ಇಲ್ಲವೋ ತಿಳಿಯಲು ತೊಳೆಸಿ ತರುವವರೆಗೆ ಕಾಯಬೇಕು. ಹತ್ತರಲ್ಲಿ ಒಂಬತ್ತು ಕೆಡುವ ಕೆಲಸಕ್ಕೆ ಫಿಲ್ಮ್ ಸುರಿಯಲು ಎಲ್ಲರಿಗೂ ಆಗುತ್ತಿರಲಿಲ್ಲ. ಡಿಜಿಟಲ್ ಬಂದದ್ದೇ ಆ ಲೆಕ್ಕ ತಲೆಕೆಳಗಾಯಿತು. 2000ದ ಸುಮಾರಿನ ಕೂಲ್‌ಪಿಕ್ಸ್‌ನಂಥ ಪುಟ್ಟ ಕ್ಯಾಮೆರಾಗಳು ಲೆನ್ಸಿನಿಂದ 2 ಸೆಂಟಿಮೀಟರ್ ದೂರದ ವಸ್ತುವನ್ನೂ ಫೋಕಸ್ ಮಾಡುತ್ತಿದ್ದವು. ಸೆನ್ಸರ್ ಚಿಕ್ಕದಾದ್ದರಿಂದ ಫೋಕಸ್ಸಿನ ಆಳವೂ ಹೆಚ್ಚು. ಅತ್ತ ಕ್ಯಾನನ್ 1999ರಲ್ಲಿ ತಂದ 65 ಮಿಲಿಮೀಟರಿನ ಎಂಪಿ-ಇ ಲೆನ್ಸ್ ಒಂದರಿಂದ ಐದು ಪಟ್ಟಿನವರೆಗೆ ಹಿಗ್ಗಿಸುತ್ತಿತ್ತು, ದೂರದ್ದೇನನ್ನೂ ತೆಗೆಯಲು ಬರುತ್ತಿರಲಿಲ್ಲ. ಅಷ್ಟು ಖರ್ಚು ಮಾಡಲಾರದವರು ಇದ್ದ ಲೆನ್ಸನ್ನೇ ತಿರುಗಿಸಿ ಹಾಕುವ ರಿವರ್ಸ್ ರಿಂಗ್, ಲೆನ್ಸಿನ ಮೂತಿಗೆ ಕಚ್ಚಿಸುವ ರೇನಾಕ್ಸ್ ಮಸೂರ ಹಿಡಿದರು. ಫ್ಲಾಶಿನ ಬೆಳಕನ್ನು ಮೆದುವಾಗಿಸಲು ಥರ್ಮೋಕೋಲ್, ಬಟರ್ ಪೇಪರ್ ಸಾಕಾಯಿತು. ಅಜಯ್ ನರೇಂದ್ರ ಮತ್ತು ಸುನಿಲ್ ಕುಮಾರ್ ಅವರ ‘ಆನ್ ಎ ಟ್ರೇಲ್ ವಿತ್ ಆಂಟ್ಸ್’ 2006ರಲ್ಲಿ ಬಂದು ದಕ್ಷಿಣ ಭಾರತದ ಇರುವೆಗಳನ್ನು ಸಾಮಾನ್ಯ ಓದುಗರೂ ಗುರುತಿಸುವಂತೆ ಮಾಡಿತು.

ಫೋಕಸ್ ಪದರದ ತೆಳುತನಕ್ಕೆ ಮದ್ದು ಸಿಕ್ಕಿದ್ದು ಕಂಪ್ಯೂಟರಿನಲ್ಲಿ. ಹುಳುವಿನ ಮೂತಿಯಿಂದ ಬೆನ್ನಿನವರೆಗೆ ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತ ಹತ್ತಾರು ಚಿತ್ರ ತೆಗೆಯುವುದು, ಪ್ರತಿಯೊಂದರಲ್ಲಿ ಚೂಪಾಗಿರುವ ಭಾಗವನ್ನಷ್ಟೇ ಆಯ್ದು ತಂತ್ರಾಂಶದಿಂದ ಒಂದಾಗಿಸುವುದು. ಇದೇ ಸ್ಟ್ಯಾಕಿಂಗ್. ಉಕ್ರೇನಿನ ಖಾರ್ಕಿವ್‌ನಲ್ಲಿ ತಯಾರಾದ ಹೆಲಿಕಾನ್, ಅಮೆರಿಕದ ಝೆರೀನ್ ತಂತ್ರಾಂಶಗಳು ಇದಕ್ಕೆ ಹೆಸರಾದವು. ಇದರ ತುದಿ ಮುಟ್ಟಿದವರು ಬ್ರಿಟನ್ನಿನ ಲೆವನ್ ಬಿಸ್. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಕೃತಿ ಇತಿಹಾಸ ಸಂಗ್ರಹಾಲಯದಲ್ಲಿ 2016ರಲ್ಲಿ ನಡೆದ ‘ಮೈಕ್ರೋಸ್ಕಲ್ಪ್ಚರ್’ ಪ್ರದರ್ಶನಕ್ಕಾಗಿ ಒಂದೊಂದು ಕೀಟಕ್ಕೂ 8000ಕ್ಕೂ ಹೆಚ್ಚು ಚಿತ್ರ ತೆಗೆದು, ಮೈಯ ಒಂದೊಂದು ತುಣುಕಿಗೂ ಬೇರೆ ಬೆಳಕು ಹೊಂದಿಸಿ, 3 ಮೀಟರಿನಷ್ಟು ದೊಡ್ಡದಾಗಿ ಅಚ್ಚು ಹಾಕಿಸಿದರು. ಓಡುಹುಳುವಿನ ಬೆನ್ನಿನ ಗುಳಿಗಳು, ಏಣುಗಳು ಕಲ್ಲುಕೆತ್ತನೆಯಷ್ಟು ಸ್ಪಷ್ಟ. ಕೀಟದ ಚಿತ್ರವೂ ಮೇಲ್ಮೈಯ ಚಿತ್ರವೂ ಅಲ್ಲಿ ಒಂದೇ ಆಗಿಬಿಟ್ಟವು. ಅಮೆರಿಕದ ಮೇರಿಲ್ಯಾಂಡಿನಲ್ಲಿ ಸ್ಯಾಮ್ ಡ್ರೋಗಿ ನಡೆಸಿದ ಸರ್ಕಾರಿ ಜೇನ್ನೊಣ ಸಮೀಕ್ಷಾ ಪ್ರಯೋಗಾಲಯ ಸೈನ್ಯದವರಿಂದ ಕಲಿತ ವಿಧಾನದಲ್ಲಿ ಸತ್ತ ಜೇನ್ನೊಣಗಳನ್ನು ಸೋಪುನೀರಿನಲ್ಲಿ ತೊಳೆದು, ರೋಮ ಒಣಗಿಸಿ, ಕಪ್ಪು ಹಿನ್ನೆಲೆಯಲ್ಲಿ ತೆಗೆದು, ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟಿತು. ಅದು ನಿಜವಾಗಿ ಉದಾರ ಕೆಲಸ.

ಆದರೆ ನೋಡಿ, ಹಗ್ಗ ಮತ್ತೆ ಸತ್ತ ಹುಳುವಿನ ಕಡೆಗೇ ಜಗ್ಗಿತು. ನೂರು ಚಿತ್ರ ತೆಗೆಯುವಷ್ಟು ಹೊತ್ತು ಬದುಕಿರುವ ಹುಳು ನಿಲ್ಲುವುದಿಲ್ಲ. ಸಂಗ್ರಹಾಲಯದ ಹಳೆಯ ಮಾದರಿಗಳನ್ನು ಹೀಗೆ ತೆಗೆಯುವುದರಲ್ಲಿ ತಪ್ಪಿಲ್ಲ, ಅದರಿಂದ ವಿಜ್ಞಾನಕ್ಕೆ ಲಾಭವೇ. ಚಿತ್ರಕ್ಕಾಗಿಯೇ ಹುಳುವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವುದು, ಅಂಟು ಹಾಕಿ ನಿಲ್ಲಿಸುವುದು, ಕಪ್ಪೆಯ ಮೇಲೆ ಬಸವನಹುಳು ಕೂರಿಸಿ ಸ್ನೇಹದ ಕತೆ ಕಟ್ಟುವುದು ಬೇರೆ ಮಾತು. ಅಂಥ ಚಿತ್ರ ಎಷ್ಟೇ ಚೂಪಾಗಿದ್ದರೂ ಸುಳ್ಳು ಹೇಳುತ್ತದೆ. ಒಲಿಂಪಸ್ 2015ರ ಕೊನೆಗೆ ಕ್ಯಾಮೆರಾದೊಳಗೇ ಸ್ಟ್ಯಾಕಿಂಗ್ ನಡೆಸುವ ಸೌಲಭ್ಯ ಕೊಟ್ಟ ಮೇಲೆ, ಹೊಲದಲ್ಲಿ ನಿಂತು ಬದುಕಿರುವ ಹುಳುವಿಗೇ ಕೆಲವೇ ಚಿತ್ರಗಳ ಸ್ಟ್ಯಾಕ್ ಮಾಡುವುದು ಸಾಧ್ಯವಾಗಿದೆ. ನನಗೆ ಭರವಸೆ ಕಾಣುವುದು ಅಲ್ಲಿ.

ಅದಕ್ಕಿಂತ ಹಳೆಯ, ಖರ್ಚಿಲ್ಲದ ಉಪಾಯವೊಂದಿದೆ: ಹುಳುಗಳ ದಿನಚರಿ ತಿಳಿದಿರುವುದು. ಮೈಯಲ್ಲಿ ನೀಲಿಪಟ್ಟೆ ಇರುವ ಒಂಟಿ ಜೇನ್ನೊಣ ನಮ್ಮ ತೋಟ ಹಿತ್ತಲುಗಳಲ್ಲಿ ಸಾಮಾನ್ಯ. ಹಗಲಿನಲ್ಲಿ ತುಳಸಿ ಹೂವಿನ ಮುಂದೆ ಅದು ಒಂದು ಚಣವೂ ತಂಗುವುದಿಲ್ಲ. ಹೊತ್ತು ಮುಳುಗುವಾಗ ಗಂಡುನೊಣಗಳು ಒಣಗಿದ ಕಡ್ಡಿಯೊಂದಕ್ಕೆ ಸಾಲಾಗಿ ಬಂದು, ದವಡೆಯಿಂದ ಕಡ್ಡಿಯನ್ನು ಕಚ್ಚಿ ಹಿಡಿದು, ಕಾಲು ಮಡಚಿ ಹಾಗೇ ನಿದ್ದೆ ಹೋಗುತ್ತವೆ. ಬೆಳಗಿನ ಜಾವ ಹೋದರೆ ಮೈಮೇಲೆ ಮಂಜಿನ ಹನಿ, ಮುಖದ ಮೇಲೆ ಹಳದಿ ಗುರುತು, ಕಚ್ಚಿದ ದವಡೆ, ಎಲ್ಲವೂ ನಿಶ್ಚಲ. ಬಿಸಿಲೇರಿದ ಮೇಲೆ ಅದು ತಾನಾಗಿ ಹಾರಿಹೋಗುತ್ತದೆ.

ಹತ್ತಿರ ಹೋಗುವುದರ ಲಾಭ ಏನೆಂದು ಕೇಳುವವರಿಗೆ ನಾನು ಚಗಳಿ ಇರುವೆ ಓಡಾಡುವ ಮಾವಿನ ಮರ ತೋರಿಸುತ್ತೇನೆ. ಆ ಕೆಂಪು ಸಾಲಿನ ಪಕ್ಕದಲ್ಲಿ ಅದೇ ಬಣ್ಣದ, ಅದೇ ತೆಳು ನಡುವಿನ ಒಂದು ಜೀವಿ ಓಡಾಡುತ್ತಿರಬಹುದು. ಬರಿಗಣ್ಣಿಗೆ ಅದೂ ಇರುವೆ. ಲೆನ್ಸ್ ಹಿಡಿದರೆ ಕಾಲು ಎಂಟು. ಮೀಸೆಯೆಂದುಕೊಂಡದ್ದು ಮೇಲೆತ್ತಿ ಆಡಿಸುತ್ತಿರುವ ಮುಂಗಾಲು. ಮುಖದಲ್ಲಿ ಎರಡು ದೊಡ್ಡ ಕಪ್ಪು ಕಣ್ಣು ನೇರ ನಮ್ಮನ್ನೇ ನೋಡುತ್ತಿವೆ. ಅದು ಇರುವೆ ವೇಷದ ಜಿಗಿಜೇಡ. ಗಂಡಾಗಿದ್ದರೆ ದವಡೆ ಎಷ್ಟು ಉದ್ದವೆಂದರೆ ಇರುವೆಯೊಂದು ಇನ್ನೊಂದನ್ನು ಕಚ್ಚಿಕೊಂಡು ಹೋಗುತ್ತಿರುವಂತೆ ಕಾಣುತ್ತದೆ.

ಇಂಥ ನೋಟಕ್ಕೆ ಬೇಸಾಯದಲ್ಲೂ ಬೆಲೆಯಿದೆ. 2018ರಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟತಜ್ಞರು ಮೆಕ್ಕೆಜೋಳದಲ್ಲಿ ಅಮೆರಿಕ ಮೂಲದ ಫಾಲ್ ಸೈನಿಕ ಹುಳುವನ್ನು ಭಾರತದಲ್ಲೇ ಮೊದಲ ಬಾರಿಗೆ ಗುರುತಿಸಿದರು. ಬೇರೆ ಲದ್ದಿಹುಳುಗಳಿಂದ ಅದನ್ನು ಬೇರ್ಪಡಿಸುವ ಗುರುತುಗಳು ಸಣ್ಣವು: ತಲೆಯ ಮೇಲೆ ಕವಲೊಡೆದ ಕಡ್ಡಿಯನ್ನು ತಲೆಕೆಳಗು ಹಿಡಿದಂಥ ಬಿಳಿ ಗೆರೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕಿ. ಸುಳಿಯೊಳಗಿನ ಹುಳುವನ್ನು ಮೊಬೈಲಿನಲ್ಲಿ ಹತ್ತಿರದಿಂದ ತೆಗೆದರೆ ಎರಡೂ ಕಾಣುತ್ತವೆ. ಗುರುತು ತಪ್ಪಿದರೆ ಔಷಧಿಯೂ ತಪ್ಪುತ್ತದೆ, ದುಡ್ಡೂ ಹೋಗುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಬೆಳೆಗಳ ಹುಳುಗಳ, ಅವುಗಳ ಶತ್ರುಗಳ ಹತ್ತಿರದ ಚಿತ್ರಗಳನ್ನು ಎಲ್ಲರಿಗೂ ಸಿಗುವಂತೆ ಇಟ್ಟಿದೆ. ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತವರ ಸಂಗಡಿಗರು ಕಟ್ಟಿದ ಭಾರತೀಯ ಚಿಟ್ಟೆಗಳ ಕೋಶ ಹವ್ಯಾಸಿಗಳ ಚಿತ್ರಗಳಿಂದಲೇ ಬೆಳೆದಿದೆ. ಪತಂಗ, ಕೊಡತಿಹುಳುಗಳಿಗೂ ಅಂಥವು ಹುಟ್ಟಿವೆ.

ರೆಕ್ಕೆ ಬಿಚ್ಚಿ ಕೂತ ಚಿಟ್ಟೆಯ ಚಿತ್ರಗಳಿಗೆ ಇಲ್ಲೆಲ್ಲ ಕೊರತೆಯಿಲ್ಲ. ಕೊರತೆಯಿರುವುದು ಪತಂಗಗಳ ಎಳೆಯ ವಯಸ್ಸಿನದು: ಇದು ಯಾವ ಪತಂಗದ ಕಂಬಳಿಹುಳು, ಯಾವ ಗಿಡ ತಿನ್ನುತ್ತದೆ ಎಂದು ಹೇಳುವ ಚಿತ್ರಗಳು. ಹುಳುವಿನ ಪಕ್ಕ ಮತ್ತು ಬೆನ್ನು, ಅದು ಮೆಲ್ಲುತ್ತಿದ್ದ ಎಲೆಯ ಎರಡೂ ಬದಿ, ಆ ಗಿಡದ ಹೂ, ಮನೆಯಲ್ಲಿ ಅದೇ ಎಲೆ ಹಾಕಿ ಸಾಕಿದಾಗ ಕಟ್ಟಿದ ಗೂಡು, ಅದರಿಂದ ಹೊರಬಂದ ಪತಂಗ, ಪ್ರತಿಯೊಂದಕ್ಕೂ ಊರು ಮತ್ತು ದಿನಾಂಕ. ಇಷ್ಟಕ್ಕೆ ಐದು ಪಟ್ಟಿನ ಲೆನ್ಸ್ ಬೇಕಿಲ್ಲ, ಎಲೆ ಬಾಡದಂತೆ ದಿನವೂ ಬದಲಿಸುವವರು ಬೇಕು.